ಯಾರೂ ಸಾಯದ ಪುಸ್ತಕ

ಅಕ್ಕನ ಮಗು ತೀರಿಹೋದದ್ದು ಐವತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ. ಅವಳನ್ನು ಕೊಟ್ಟದ್ದು ಬೆಳ್ತಂಗಡಿಯ ಆಚೆಗೆ. ಭಾವ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಮಗುವಿಗೆ ಜ್ವರ ಏರಿದಾಗ ಅವಳು ಒಬ್ಬಳೇ ಗುರುವಾಯನಕೆರೆಗೆ ಬಂದು, ನಮ್ಮೂರು ಮೂಡುಬಿದಿರೆಯ ಪರಿಚಯದ ಡಾಕ್ಟರಲ್ಲಿಗೆಂದು ಬಸ್ಸು ಹತ್ತಿದ್ದಳು. ಇಳಿಯುವಾಗ ಮಗುವಿಗೆ ಜೀವ ಇರಲಿಲ್ಲ. ತವರಿನಲ್ಲೇ ಉಳಿದ ಅಕ್ಕ ಆಮೇಲೆ ಮಾತಾಡಲಿಲ್ಲ. ಗಂಜಿ ಮುಂದಿಟ್ಟರೆ ಎರಡು ಗುಟುಕು ಕುಡಿದು ಬಟ್ಟಲು ಸರಿಸುತ್ತಿದ್ದಳು. ಡಾಕ್ಟರು ಅಮ್ಮನಿಗೆ ನೇರವಾಗಿಯೇ ಹೇಳಿದರು: "ಹೀಗೇ ಹೋದರೆ ಇವಳೂ ಉಳಿಯುವುದಿಲ್ಲ. ನನ್ನಲ್ಲಿ ಇದಕ್ಕೆ ಮದ್ದಿಲ್ಲ. ಹೇಗಾದರೂ ಬಾಯಿ ಬಿಡಿಸಿ."

ನಾನು ಆಗ ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆಯುತ್ತಿದ್ದೆ. ಉಳಿದ ಹೊತ್ತು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಮದುವೆಗೆ ಮೊದಲು ಅಕ್ಕನಿಗೆ ಕತೆ ಪುಸ್ತಕ ಓದಿ ಹೇಳುವುದಿತ್ತು. ಬೇರೆ ಉಪಾಯ ತಿಳಿಯದೆ ಅದನ್ನೇ ಪುನಃ ಸುರು ಮಾಡಿದೆ.

ಪತ್ತೇದಾರಿ ಕಾದಂಬರಿಯೆಂದರೆ ನನಗೆ ಪ್ರಾಣ. ಮೊದಲ ಪುಟದಲ್ಲಿ ಹೆಣ ಬೀಳದೆ ಕತೆ ಹೊರಡುವುದಿಲ್ಲ. ಅಂಥವನ್ನು ಕಡಲೆ ತಿನ್ನುತ್ತಾ ಓದಿದವನು ನಾನು. ಅಕ್ಕನ ಮುಖದೆದುರು ಓದುವಾಗ, ಆ ಹೆಣಕ್ಕೊಬ್ಬಳು ತಾಯಿ ಇದ್ದಾಳೆಂಬುದು ಬರೆದವನಿಗೆ ಹೊಳೆದೇ ಇಲ್ಲವೆಂದು ಕಂಡಿತು. ಮುಚ್ಚಿಟ್ಟೆ. ಹಾಸ್ಯಪ್ರಬಂಧ ತಂದೆ. ನಗುವ ಜಾಗ ಬಂದಾಗ ಸ್ವಲ್ಪ ನಿಲ್ಲಿಸುತ್ತಿದ್ದೆ. ಅಕ್ಕ ಗೋಡೆ ನೋಡುತ್ತಿದ್ದಳು. ಕೆಲವು ಪುಟ ಕಳೆಯುವಷ್ಟರಲ್ಲಿ, ಹಿಂದೆ ನಾನಾದರೂ ಯಾಕೆ ನಕ್ಕಿದ್ದೆನೆಂದು ಮರೆತುಹೋಗಿತ್ತು. ಪ್ರವಾಸಕಥನದಲ್ಲಿ ಹಿಮದ ಬೆಟ್ಟ ದಾಟಿದೆವು. ಅಲ್ಲಿ ಒಬ್ಬ ಹೊರೆಯಾಳು ಸತ್ತ. ಪುರಾಣ ಹಿಡಿದರೆ ಶಿಶುಗಳನ್ನೇ ಕೊಲ್ಲುತ್ತಾರೆ.

ವಾಚನಾಲಯದಲ್ಲಿ ಪುಸ್ತಕ ಕೊಡುವವರನ್ನು ಕೇಳಿದೆ, "ಯಾರೂ ಸಾಯದ ಪುಸ್ತಕ ಉಂಟಾ?"

"ಪಂಚಾಂಗ ಓದಿ ಮಾರಾಯ್ರೆ."

"ನಾನು ತಮಾಷೆ ಮಾಡುವುದಲ್ಲ."

"ನಾನೂ ಅಲ್ಲ. ಯಾರನ್ನಾದರೂ ಕೊಲ್ಲದೆ ಪುಸ್ತಕ ಮುಗಿಸಲಿಕ್ಕೆ ಈ ಬರೆಯುವವರಿಗೆ ಬರುವುದಿಲ್ಲ. ನೀವು ಪೇಪರಿನವರದ್ದೂ ಅದೇ ಕಸುಬಲ್ವಾ?"

ಬಂಟ್ವಾಳದ ವಕೀಲರೊಬ್ಬರ ಮನೆಯಲ್ಲಿ ಕಪಾಟು ತುಂಬ ಪುಸ್ತಕವಿತ್ತು. ಹೋಗಿ ಒಂದು ಚೀಲ ತುಂಬಿಸಿಕೊಂಡು ಸಿದ್ಧಕಟ್ಟೆಯ ದಾರಿಯಲ್ಲಿ ಬರುವ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕೂತು ಪ್ರತಿಯೊಂದರ ಕೊನೆಯ ಪುಟಗಳನ್ನು ಮೊದಲು ತೆರೆದೆ, ಯಾರ್ಯಾರು ಉಳಿದಿದ್ದಾರೆಂದು ನೋಡಲು. ಓದುಗನಾಗಿ ನಾನು ಅಷ್ಟು ಕೆಳಗೆ ಇಳಿದದ್ದು ಹಿಂದೆಂದೂ ಇಲ್ಲ.

ಒಂದು ಐತಿಹಾಸಿಕ ಕಾದಂಬರಿಯಲ್ಲಿ ರಾಜಕುಮಾರಿ ಕೊನೆಯವರೆಗೂ ಬದುಕಿದ್ದಳು. ಅದನ್ನು ಆರಿಸಿದೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆದರೂ ಮನೆಯವರು ಆಡಿದ್ದೆಲ್ಲ ತುಳುವಿನಲ್ಲಿಯೇ. ಅಕ್ಕ ಐದನೇ ಕ್ಲಾಸಿನವರೆಗೆ ಕನ್ನಡ ಕಲಿತಿದ್ದಳು. ಎರಡನೇ ಅಧ್ಯಾಯದಲ್ಲಿ, ಆ ಬಾಲೆ ಕೊಳದ ಬಳಿ ಅಳುತ್ತಾ ನಿಂತಿದ್ದಳು ಎಂದು ಬಂತು. ಓದಿದ ಮೇಲೆಯೇ ನನಗೆ ಹೊಳೆದದ್ದು. ಪುಸ್ತಕದ ಕನ್ನಡದಲ್ಲಿ ಬಾಲೆಯೆಂದರೆ ಹರೆಯದ ಹುಡುಗಿ. ತುಳುವಿನಲ್ಲಿ ಬಾಲೆಯೆಂದರೆ ತೊಟ್ಟಿಲ ಕೂಸು. ಆ ಶಬ್ದ ಅಕ್ಕನ ಕಿವಿಗೆ ಬೀಳಬಾರದೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರು. ತೊಟ್ಟಿಲಿನ ಹಗ್ಗವನ್ನೂ ಬಿಚ್ಚಿಸಿದ್ದರು. ನೆರೆಮನೆಯವರು ತಮ್ಮ ಕೂಸನ್ನು ನಮ್ಮ ಅಂಗಳಕ್ಕೆ ತರುತ್ತಿರಲಿಲ್ಲ.

"ಬಾಲೆ ಯಾಕೆ ಅಳುವುದು?" ಎಂದು ಅಕ್ಕ ಕೇಳಿದಳು.

ಸ್ವರ ಒಡೆದುಹೋಗಿತ್ತು. ನಾನು ಗಡಿಬಿಡಿಯಲ್ಲಿ, "ಇದು ನಮ್ಮ ಬಾಲೆ ಅಲ್ಲ ಅಕ್ಕ, ಕನ್ನಡದ್ದು. ದೊಡ್ಡ ಹುಡುಗಿ" ಎಂದೆ.

"ಗೊತ್ತುಂಟು. ನಾನೂ ಶಾಲೆಗೆ ಹೋದವಳೇ," ಎಂದಳು. "ನೀವೆಲ್ಲ ಸೇರಿ ಆ ಶಬ್ದವನ್ನೂ ಹೂತುಬಿಟ್ಟಿದ್ದೀರಿ. ಇನ್ನೊಮ್ಮೆ ಓದು."

ಓದಿದೆ. ಅಡುಗೆಮನೆಯಿಂದ ಅಮ್ಮ ಓಡಿ ಬಂದರು. "ಏನು ಓದುವುದು ನೀನು? ತಲೆ ಸಮ ಉಂಟಾ ನಿನಗೆ?" ಎಂದು ಪುಸ್ತಕ ಕಸಿದುಕೊಂಡರು. ಅಕ್ಕ ಅತ್ತ ತಿರುಗಲಿಲ್ಲ.

"ಬಾಲೆ ಸಾಯುವ ಪುಸ್ತಕ ಇಲ್ಲವಾ?" ಎಂದು ನನ್ನನ್ನೇ ಕೇಳಿದಳು.

ಇತ್ತು. ಓದಬಾರದೆಂದು ಬೇರೆಯಿಟ್ಟ ಸಾಮಾಜಿಕ ಕಾದಂಬರಿ. ಬಸ್ಸಿನಲ್ಲಿ ಅದನ್ನು ಮಗುಚುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಅಮ್ಮ ಬೇಡ ಬೇಡವೆನ್ನುತ್ತಿದ್ದರೂ ಆ ಪುಟ ತೆಗೆದು ಓದಿದೆ. ದೀಪ ಆರಿದಂತೆ, ಹೂ ಬಾಡಿದಂತೆ ಮಗು ಹೋಯಿತು. ತಾಯಿ ಮೂರ್ಛೆ ಹೋದಳು. ಮುಂದಿನ ಅಧ್ಯಾಯಕ್ಕೆ ಎರಡು ವರ್ಷ ಕಳೆದಿತ್ತು. ಕಣ್ಣು ಒದ್ದೆ ಮಾಡಿದ್ದ ಅದೇ ಸಾಲುಗಳು ಈಗ ಯಾರದೋ ಮದುವೆಯ ವರದಿಯ ಹಾಗೆ ಕೇಳಿದವು.

"ಅಷ್ಟೇಯಾ?"

"ಅಷ್ಟೇ."

"ಇದನ್ನು ಬರೆದವನಿಗೆ ಏನೂ ಗೊತ್ತಿಲ್ಲ," ಎಂದಳು ಅಕ್ಕ. "ಮೂರ್ಛೆ ಎಲ್ಲಿಂದ ಬರುತ್ತದೆ? ನನಗೆ ಬರಲಿಲ್ಲ. ವೇಣೂರಿನಲ್ಲಿ ಹೋದದ್ದು. ಬಸ್ಸು ನಿಂತಿತ್ತು. ಮೊಲೆ ಬಾಯಿಗಿಟ್ಟೆ, ಹಿಡಿಯಲಿಲ್ಲ."

ಮೂಡುಬಿದಿರೆ ಮುಟ್ಟುವಾಗ ಹೋಯಿತೆಂದೇ ನಾವು ತಿಳಿದಿದ್ದೆವು. ವೇಣೂರೆಂದರೆ ಅರ್ಧ ದಾರಿ. ಅಮ್ಮ ಕಸಿದುಕೊಂಡ ಪುಸ್ತಕವನ್ನು ಹಿಡಿದುಕೊಂಡೇ ನೆಲದಲ್ಲಿ ಕೂತರು.

"ಹೇಳಿದರೆ ಇಳಿಸಿಬಿಡುತ್ತಾರೆ ಅಂತ ಹೇಳಲಿಲ್ಲ. ಗುರ್ತ ಇಲ್ಲದ ಊರಲ್ಲಿ ಎಲ್ಲಿಗೆ ಕೊಂಡುಹೋಗುವುದು? ಮಲಗಿದೆ ಅಂತ ಕಾಣಲಿ ಅಂತ ಸೆರಗಿನಲ್ಲಿ ಗಾಳಿ ಹಾಕುತ್ತಾ ಬಂದೆ. ಪಕ್ಕದಲ್ಲಿ ಒಬ್ಬರು ಅಜ್ಜಿ ಇದ್ದರು. 'ಎಂಥ ಪಾಪದ ಬಾಲೆ, ಎಷ್ಟು ಸಾಧು, ಇಷ್ಟು ಸೆಕೆಗೂ ಅಳುವುದೇ ಇಲ್ಲ' ಅಂದರು. ನಾನು ಹೌದು ಅಂದೆ. ಹೌದು ಅಂದೆ ಅಮ್ಮ."

ಅಮ್ಮ ತಡೆಯಲಿಲ್ಲ. ಆಮೇಲೆ ಬಸ್ಸು ಎಲ್ಲೆಲ್ಲಿ ನಿಂತಿತು, ಯಾರು ಹತ್ತಿದರು, ಯಾರು ಇಳಿದರು, ಯಾರು ಇಣುಕಿ ನೋಡಿದರು ಎಂದು ಅಕ್ಕ ಒಂದೊಂದಾಗಿ ಹೇಳತೊಡಗಿದಳು.