ಹಾಲುಗಲ್ಲಿನ ಹಿಂಬದಿ

ಒಂದು ಕಾಲೇಜಿನವರು ವಿಚಾರಸಂಕಿರಣಕ್ಕೆ ಪ್ರಬಂಧ ಕೇಳಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಡಿಜಿಟಲ್ ಮಾನವಿಕ ಸಂಶೋಧನೆ, ಈವರೆಗೆ ನಡೆದ ದಾರಿ ಮತ್ತು ಮುಂದಿನ ದಿಕ್ಕು. ನಡೆದ ದಾರಿಯನ್ನು ಬರೆಯುವುದು ಕಷ್ಟವಾಗಲಿಲ್ಲ. ಆ ದಾರಿಯಲ್ಲಿ ನಾನೂ ನಡೆದಿದ್ದೇನೆ. ಮುಂದಿನ ದಿಕ್ಕು ಎಂದು ಬರೆದು ಕೂತಾಗ, ಹೋದ ಬೇಸಿಗೆಯಲ್ಲಿ ನ್ಯಾಮತಿ ತಾಲ್ಲೂಕಿನ ಒಂದು ಊರಿನಲ್ಲಿ ಕಂಡದ್ದು ಅಡ್ಡ ಬಂತು. ಅದನ್ನು ಬಿಟ್ಟು ಬರೆದರೆ ಸುಳ್ಳು ಬರೆದಂತೆ. ಸೇರಿಸಿದರೆ ಅವರು ಅಚ್ಚು ಹಾಕಲಿಕ್ಕಿಲ್ಲ. ಹಾಕದಿದ್ದರೆ ಬೇಡ, ಇಲ್ಲಿ ಬರೆಯುತ್ತೇನೆ.

ನಾನು ಚನ್ನಗಿರಿಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಶಾಸನ, ವೀರಗಲ್ಲುಗಳ ಹುಚ್ಚು ಕೆಲಸಕ್ಕೆ ಸೇರಿದ ಹೊಸದರಲ್ಲೇ ಹಿಡಿಯಿತು. ಆಗ ಕಲ್ಲನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದೆವು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ತಗ್ಗುಗಳಿಗೆ ಕಾಗದವನ್ನು ಕೂರಿಸಿ, ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ತಗ್ಗಿಗೆ ಇಳಿದ ಕಡೆ ಕಾಗದ ಬೆಳ್ಳಗೇ ಉಳಿಯುತ್ತದೆ. ಅದೇ ಅಕ್ಷರ. ಜಗಳೂರಿನ ಬಯಲಿನಲ್ಲಿ ಗಾಳಿ ಈ ಕೆಲಸಕ್ಕೆ ಬಿಡುತ್ತಿರಲಿಲ್ಲ. ಮಸಿ ಒತ್ತುವಷ್ಟರಲ್ಲಿ ಕಾಗದ ಒಣಗಿ, ಮೇಲೆದ್ದು, ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ಹಾರುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಅದರ ಹಿಂದೆ ಓಡುವುದನ್ನು ಕಂಡು ಕುರಿ ಕಾಯುವವರು ಕೂಗುತ್ತಿದ್ದರು: "ಹಿಡೀರಿ ಮೇಡಂ, ಹಿಡೀರಿ, ರಾಜರು ಓಡಿ ಹೊಂಟ್ರು!"

ಆಮೇಲೆ ಕ್ಯಾಮೆರಾ ಬಂತು. ಹೊನ್ನಾಳಿ ಕಡೆಯ ಒಂದು ಗುಡಿಯ ಕತ್ತಲೆ ಮೂಲೆಯಲ್ಲಿ ಬರಹವೊಂದಿತ್ತು. ನನ್ನ ಸಹೋದ್ಯೋಗಿ ಹೊರಗೆ ಬಿಸಿಲಿನಲ್ಲಿ ಕನ್ನಡಿ ಹಿಡಿದು, ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬೀಳುವಂತೆ ಅಲುಗಾಡಿಸಿದರು. ನುಣ್ಣಗೆ ಕಾಣುತ್ತಿದ್ದ ಕಲ್ಲಿನಿಂದ ಸಾಲು ಸಾಲಾಗಿ ಅಕ್ಷರಗಳು ಎದ್ದವು. ಆಮೇಲೆ ಕಂಪ್ಯೂಟರ್. ಈಗ ಮೊಬೈಲ್ ಹಿಡಿದು ಕಲ್ಲಿನ ಸುತ್ತ ಹೆಜ್ಜೆ ಹೆಜ್ಜೆಗೂ ಒಂದೊಂದು ಚಿತ್ರ ತೆಗೆದುಕೊಂಡು ಹೋದರೆ ಸಾಕು. ಕಂಪ್ಯೂಟರ್ ಆ ಚಿತ್ರಗಳನ್ನೆಲ್ಲ ಹೊಲಿದು ಕಲ್ಲಿನ ಆಕಾರವನ್ನೇ ಕಟ್ಟಿಕೊಡುತ್ತದೆ. ಬೆರಳಿನಿಂದ ತಿರುಗಿಸಿ ನೋಡಬಹುದು. ನಮ್ಮ ಕಡೆಯ ಕಲ್ಲುಗಳನ್ನು ಹೀಗೆ ಕೂಡಿಸಿಡುವ ಅಂತರ್ಜಾಲ ಸಂಗ್ರಹವೊಂದಕ್ಕೆ ನಾನೂ ಚಿತ್ರ ತೆಗೆದು ಕಳಿಸುತ್ತೇನೆ. ಅಲ್ಲಿ ಓದಿ ಸೇರಿಸಿದ ಬರಹಗಳಲ್ಲಿ ಬೇಕಾದ ಪದವನ್ನು ಹುಡುಕಬಹುದು. ಒಂದು ದಿನ ನಾನು 'ತುರು', ಅಂದರೆ ದನ, ಎಂದು ಕೊಟ್ಟು ನೋಡಿದೆ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವರೆಲ್ಲ ಚನ್ನಗಿರಿಯಿಂದ, ಹೊನ್ನಾಳಿಯಿಂದ, ನ್ಯಾಮತಿಯಿಂದ, ಜಗಳೂರಿನಿಂದ ಬಂದು ಒಂದೇ ಪರದೆಯ ಮೇಲೆ ಸಾಲಾಗಿ ನಿಂತರು. ಬದುಕಿದ್ದಾಗ ಅವರು ಒಬ್ಬರನ್ನೊಬ್ಬರು ಕಂಡಿರಲಾರರು.

ಇದನ್ನೆಲ್ಲ ಪ್ರಬಂಧದಲ್ಲಿ ಹೊಗಳಿಯೇ ಬರೆದೆ. ಈಗಲೂ ಹೊಗಳುತ್ತೇನೆ. ಅದರಿಂದಲೇ ಮುಂದಿನದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಸವಳಂಗದಿಂದ ಸ್ವಲ್ಪ ಒಳಗೆ ಇರುವ ಆ ಊರಿನ ಕಲ್ಲೂ ಆ ಸಾಲಿನಲ್ಲಿತ್ತು. ಹಾಳು ಚಾವಡಿಯ ಗೋಡೆಗೆ ಒರಗಿ ನಿಂತಿದ್ದ, ಆಳೆತ್ತರದ ವೀರಗಲ್ಲು. ಕೆಳಗೆ ದನಗಳು, ಕತ್ತಿ ಹಿಡಿದ ವೀರ, ನಡುವೆ ಅವನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಹೆಣ್ಣುಗಳು, ಮೇಲೆ ಲಿಂಗ. ನಡುವಿನ ಪಟ್ಟಿಯಲ್ಲಿ ಎರಡು ಸಾಲು ಬರಹ. ಊರಿನವರು ಅದನ್ನು ಹಾಲುಗಲ್ಲು ಅನ್ನುತ್ತಾರೆ. ಯಾರ ಮನೆಯಲ್ಲಿ ಆಕಳೋ ಎಮ್ಮೆಯೋ ಈದರೂ ಮೊದಲ ಗಿಣ್ಣದ ಹಾಲನ್ನು ಈ ಕಲ್ಲಿಗೆ ಹೊಯ್ಯಬೇಕು. ಅಲ್ಲಿಯವರೆಗೆ ಮನೆಯವರು ಯಾರೂ ಆ ಹಾಲು ಮುಟ್ಟುವುದಿಲ್ಲ. ದನಕ್ಕಾಗಿ ಸತ್ತವನಿಗೆ ದನದ ಹಾಲು.

ಕೆಲವು ವರ್ಷಗಳ ಹಿಂದೆ ನಾವು ಅದನ್ನು ಸ್ಕ್ಯಾನ್ ಮಾಡಲು ಹೋದಾಗ ವೀರ ಬೆಳ್ಳಗೆ ಹೊಳೆಯುತ್ತಿದ್ದ. ಗೇಟಿಗೆ ಹಚ್ಚುವ ಬೆಳ್ಳಿ ಬಣ್ಣ. ಹಾಲುಗಲ್ಲಿನ ಎದುರು ಮನೆಯ ಹೆಂಗಸು ಹೆಮ್ಮೆಯಿಂದ ಹೇಳಿದ್ದಳು: "ಫೋಟ ತೆಗ್ಯಾಕೆ ಬರ್ತೀರಿ ಅಂದ್ರಲ್ಲ ಅಕ್ಕಾರೆ, ಹಳೇ ಬಟ್ಟೇಲಿ ನಿಂದ್ರಿಸಾಕೆ ಆಗ್ತೈತೇನು? ಅದಕ್ಕೆ ಬಣ್ಣ ಬಳಿಸೀವಿ." ಹೊಳೆಯುವ ಬಣ್ಣವನ್ನು ಕಂಪ್ಯೂಟರ್ ಸರಿಯಾಗಿ ಹಿಡಿಯುವುದಿಲ್ಲ. ಮೋಡ ಕವಿಯುವವರೆಗೆ ಅವಳ ಕಟ್ಟೆಯ ಮೇಲೆ ಕೂತು, ಮಂಡಕ್ಕಿ ತಿಂದು, ಆಮೇಲೆ ಚಿತ್ರ ತೆಗೆದೆವು.

ಹೋದ ಬೇಸಿಗೆಯಲ್ಲಿ, ಒಂದು ದಿನ ಬೆಳಿಗ್ಗೆ, ಅವಳೇ ಫೋನ್ ಮಾಡಿದಳು. "ಅಕ್ಕಾರೆ, ಹಾಲ್ಗಲ್ಲು ಕಿತ್ತಾಕ್ಯಾರೆ. ಬರ್ರಿ." ಹೆಚ್ಚು ಹೇಳಲಿಲ್ಲ. ನಾನು ಚನ್ನಗಿರಿಯಿಂದ ಹೊರಟು, ಹೊನ್ನಾಳಿಯಲ್ಲಿ ಬಸ್ ಬದಲಿಸಿ ಹೋದೆ.

ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕಲ್ಲನ್ನು ಕೀಳುವುದನ್ನು, ಒಡೆಯುವುದನ್ನು ನಾನು ಕಂಡಿಲ್ಲ. ನಾನು ಹೋದಾಗ ಚಾವಡಿಯ ಗೋಡೆ ಇರಲಿಲ್ಲ. ರಸ್ತೆ ಅಗಲ ಮಾಡುತ್ತಿದ್ದರು. ಗೋಡೆ ಇದ್ದ ಜಾಗದ ಪಕ್ಕ ಮೋರಿಗಾಗಿ ಗುಂಡಿ ತೋಡಿದ್ದರು. ಗುಂಡಿಯ ತಳಕ್ಕೆ ಸೈಜುಗಲ್ಲು, ಹಳೆಯ ಇಟ್ಟಿಗೆ ಸುರಿದಿದ್ದರು. ಅವುಗಳ ನಡುವೆ ಬೆಳ್ಳಿ ಬಣ್ಣ ಕಂಡಿತು. ಅದು ವೀರನ ಕಾಲು. ಸ್ವಲ್ಪ ಆಚೆ, ಮೇಲಿನ ಲಿಂಗವಿದ್ದ ತುಂಡು ಮಗುಚಿ ಬಿದ್ದಿತ್ತು. ನಡುವಿನ ಭಾಗವನ್ನು ಹುಡುಕಿದೆ. ಪುಡಿ ಮತ್ತು ಚೂರುಗಳಿದ್ದವು. ಕಾಂಕ್ರೀಟ್ ಕಲೆಸುವ ಮಿಕ್ಸರ್ ಆಗಲೇ ತಿರುಗುತ್ತಿತ್ತು.

ಎದುರು ಮನೆಯ ಹೆಂಗಸು ಮಿಕ್ಸರಿಗೂ ಗುಂಡಿಗೂ ನಡುವೆ ನಿಂತಿದ್ದಳು. ಕೈಯಲ್ಲಿ ತಂಬಿಗೆ. ಅದರ ಬಾಯಿಗೆ ಬಾಳೆಯೆಲೆ ಮುಚ್ಚಿತ್ತು. ಅವಳ ಆಕಳು ಆ ದಿನ ಬೆಳಗಿನ ಜಾವ ಈದಿತ್ತು. ಪಂಚಾಯಿತಿಯ ಮೆಂಬರ್ ಅವಳನ್ನು ಸರಿಸಲು ಮಾತಿನಲ್ಲೇ ಒದ್ದಾಡುತ್ತಿದ್ದ. ಮೈ ಮುಟ್ಟುವ ಧೈರ್ಯ ಅವನಿಗಿರಲಿಲ್ಲ.

"ಬರ್ರಿ ಮೇಡಂ, ಒಳ್ಳೆ ಟೈಮಿಗೆ ಬಂದ್ರಿ" ಅಂದ. "ಈಯಮ್ಮಗೆ ನೀವೇ ಹೇಳ್ರಿ. ಕಲ್ಲು ಎಲ್ಲೂ ಹೋಗಿಲ್ಲ, ಕಂಪ್ಯೂಟರ್‌ನಾಗೆ ಭದ್ರವಾಗೈತೆ ಅಂತ ನಾನು ಬಾಯಿ ಬಡ್ಕೊಳಾಕತ್ತೀನಿ."

"ಏ ಮೆಂಬರಾ, ನಿಮ್ಮನೆ ಎಮ್ಮೆ ಈದಾಗ ನಿಮ್ಮವ್ವ ಗಿಣ್ಣ ಎಲ್ಲಿ ಹೊಯ್ದಿದ್ಲು? ಕಂಪ್ಯೂಟರ್‌ಗೇನು?" ಅಂದಳು ಅವಳು.

"ಅಮ್ಮಾ, ಫೈಬರ್‌ನಾಗೆ ಹಿಂಗೇ ಒಂದು ಮಾಡಿಸಿ ಕೊಡ್ತೀವಿ. ಇದಕ್ಕಿಂತ ಜೋರಾಗಿರ್ತೈತೆ. ಸುತ್ತ ಲೈಟ್ ಹಾಕಿಸ್ತೀವಿ."

"ಲೈಟು ನಿಮ್ಮ ಬಾತ್‌ರೂಮಿಗೆ ಹಾಕ್ಸು ಹೋಗು."

ಕೆಲಸದವರು ನಕ್ಕರು. ಮೆಂಬರ್ ನಗಲಿಲ್ಲ. ತನ್ನ ಮೊಬೈಲ್ ತೆಗೆದು ನಮ್ಮ ಸಂಗ್ರಹದ ಪುಟ ತೆರೆದು ನನ್ನ ಮುಖಕ್ಕೆ ಹಿಡಿದ. ಹಾಲುಗಲ್ಲು ಒಂದು ಬಿರುಕೂ ಇಲ್ಲದೆ ಅಲ್ಲಿ ನಿಧಾನವಾಗಿ ತೂಗುತ್ತಿತ್ತು. "ನೀವು ಮಾಡಿದ್ದೇ ಅಲ್ವೇನ್ರಿ? ನಾಲ್ಕು ಜನರ ಮುಂದೆ ಹೇಳ್ರಿ. ಪೂರ್ತಿ ಐತೋ, ಇಲ್ಲೋ?"

ಎಲ್ಲರೂ ನನ್ನನ್ನು ನೋಡಿದರು. ನಾನು ಐತೆ ಅಂದರೆ ಮಿಕ್ಸರ್ ಗುಂಡಿಯ ಕಡೆಗೆ ಬಾಗುತ್ತಿತ್ತು. ಇಲ್ಲ ಎಂದು ಸುಮ್ಮನೆ ಹೇಳಿದರೆ, ಕಣ್ಣ ಮುಂದಿರುವುದನ್ನು ಅಲ್ಲಗಳೆದವಳಾಗುತ್ತಿದ್ದೆ. ಮೊಬೈಲನ್ನು ಅವನ ಕೈಯಿಂದ ತೆಗೆದುಕೊಂಡೆ. ಮೊದಲ ಸಲ ಕಲ್ಲು ಮೇಲೆ ಕೆಳಗೆ ಹೊರಳಾಡಿತು. ಎರಡನೆಯ ಸಲ ಅದನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ.

ಹಿಂದೆ ಏನೂ ಇರಲಿಲ್ಲ. ಕಲ್ಲು ಗೋಡೆಗೆ ಒರಗಿದ್ದರಿಂದ ಕ್ಯಾಮೆರಾ ಅಲ್ಲಿಗೆ ಹೋಗಿರಲಿಲ್ಲ. ಹಿಂದಿನಿಂದ ನೋಡಿದರೆ ಮುಂದಿನ ಮುಖದ ಒಳಮೈ ಕಾಣುತ್ತದೆ. ಎಡಕ್ಕಿದ್ದ ದನ ಬಲಕ್ಕೆ, ಉಬ್ಬಿದ್ದೆಲ್ಲ ತಗ್ಗು. ದಪ್ಪವೆಂಬುದೇ ಇಲ್ಲ. ನೆಲದಲ್ಲಿ ಹೂತಿದ್ದ ಭಾಗವೂ ಇಲ್ಲ.

"ಪೂರ್ತಿ ಇಲ್ಲ" ಅಂದೆ. "ಮುಂದಿನ ಸಿಪ್ಪೆ ಮಾತ್ರ ಐತೆ. ನೋಡಿ."

ಹೆಂಗಸು ತಂಬಿಗೆ ಓರೆಯಾಗದಂತೆ ಬಗ್ಗಿ ನೋಡಿದಳು. "ಅಯ್ಯ, ಇದು ಬಯಲಾಟದ ಮುಖವಾಡ ಇದ್ದಂಗೈತಲ್ರಿ! ಒಳಗೆ ತಲೀನೇ ಇಲ್ಲ."

"ಹಿಂದೆ ಏನಿರ್ತೈತೆ ಮೇಡಂ ನೋಡಾಕೆ? ಬರೇ ಕಲ್ಲು" ಅಂದ ಮೆಂಬರ್.

"ಬರೇ ಕಲ್ಲೇ ಇರಬಹುದು. ಅದನ್ನೂ ನೋಡಿಯೇ ಹೇಳಬೇಕು. ಈ ಚಿತ್ರ ಮಾಡಿದವಳು ನಾನು. ಇದು ಇದೆ ಅಂತ ಅದನ್ನು ಹೂಳ್ತೀವಿ ಅಂದರೆ ನಾನು ಒಪ್ಪೋದಿಲ್ಲ. ನನ್ನ ಹೆಸರು ಹೇಳಿ ಕಾಂಕ್ರೀಟ್ ಹಾಕಬೇಡಿ."

ಇಷ್ಟು ಹೇಳಿ ನಾನು ಗುಂಡಿಯ ಅಂಚಿನಲ್ಲಿ ಕೂತೆ. ಧೈರ್ಯದಿಂದ ಕೂತೆ ಎಂದು ಹೇಳಲಾರೆ. ಹೆಂಗಸು ನನ್ನ ಪಕ್ಕದಲ್ಲೇ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಹಾಕ್ರಿ ಈಗ" ಅಂದಳು. "ನಮ್ಮಿಬ್ರನ್ನೂ ಸೇರ್ಸಿ ಹಾಕ್ರಿ. ಆಮೇಲೆ ಕಂಪ್ಯೂಟರ್‌ನಾಗೆ ನೋಡ್ಕೊಳ್ರಿ."

ಮೆಂಬರ್ ಯಾರಿಗೋ ಫೋನ್ ಮಾಡಿದ. ಬೈದ. ಬೈಸಿಕೊಂಡ. ಕಡೆಗೆ ಅವನನ್ನು ಬಗ್ಗಿಸಿದ್ದು ನಮ್ಮ ಮಾತಲ್ಲ. ಬಿಸಿಲಿಗೆ ಮಿಕ್ಸರಿನ ಸಿಮೆಂಟ್ ಬಿಗಿಯುತ್ತಿತ್ತು. "ತಗೀರಪ್ಪ ಲಗೂನ, ಮಾಲು ಗಟ್ಟಿ ಆಗ್ತೈತೆ" ಎಂದು ಕೂಗಿದ. ಜೆಸಿಬಿಯವನು ಸರಪಳಿ ಕಟ್ಟಿ ದೊಡ್ಡ ತುಂಡುಗಳನ್ನು ಮೇಲೆತ್ತಿದ. ಚೂರುಗಳನ್ನು ಕೆಲಸದವರೂ ನಾನೂ ಬಾಂಡ್ಲಿಯಲ್ಲಿ ತುಂಬಿ ತೆಗೆದೆವು.

ಕಲ್ಲಿನ ಹಿಂಬದಿಯನ್ನು ನಾನು ಆಗ ನೋಡಿದೆ. ಅಕ್ಷರ ಇರಲಿಲ್ಲ. ಶಿಲ್ಪ ಇರಲಿಲ್ಲ. ದಪ್ಪ ಉಳಿಯಿಂದ ಮೇಲೆ ಮೇಲೆ ಕೆತ್ತಿ ಬಿಟ್ಟ ಗುರುತುಗಳಿದ್ದವು.

"ನೋಡಿದ್ರಾ? ಏನಾರ ಐತಾ?" ಅಂದ ಮೆಂಬರ್.

"ನೋಡಿದೆ. ಏನೂ ಇಲ್ಲ. ಈಗ ಗೊತ್ತಾಯಿತು" ಅಂದೆ.

ತುಂಡುಗಳನ್ನು ಹೆಂಗಸಿನ ಕೊಟ್ಟಿಗೆಯ ಹೊರಗೋಡೆಗೆ ಒರಗಿಸಿದರು. ಅವಳು ಬಾಳೆಯೆಲೆ ತೆಗೆದು, ದನಗಳನ್ನು ಕೆತ್ತಿದ್ದ ಕೆಳಗಿನ ತುಂಡಿನ ಮೇಲೆ ಹಳದಿ ಬಣ್ಣದ ಆ ಗಟ್ಟಿ ಹಾಲನ್ನು ನಿಧಾನವಾಗಿ ಹೊಯ್ದಳು. ಏನೋ ಗೊಣಗಿದಳು. ನನಗೆ ಕೇಳಿಸಲಿಲ್ಲ, ಹಾಗಾಗಿ ಬರೆಯುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ತಗೀರಿ ಫೋಟ. ಈ ಸಲ ಹಿಂದಿಂದೂ ತಗೀರಿ" ಅಂದಳು.

ಸುತ್ತ ತಿರುಗಿ ತೆಗೆದೆ. ಹಿಂದೆ, ಮುಂದೆ, ಒಡೆದ ಮುಖ, ಬಾಂಡ್ಲಿಯ ಚೂರು, ಎಲ್ಲವನ್ನೂ. ಬರಹವಿದ್ದ ಎರಡು ಸಾಲು ಚೂರುಗಳಲ್ಲಿ ಸಿಗಲಿಲ್ಲ. ಅವು ಈಗ ಹಳೆಯ ಸ್ಕ್ಯಾನಿನಲ್ಲಿ ಮಾತ್ರ ಇವೆ. ಅದು ಇಲ್ಲದಿದ್ದರೆ ಆ ವೀರ ಯಾಕೆ ಸತ್ತನೆಂದು ಹೇಳುವ ಮಾತು ಉಳಿಯುತ್ತಲೇ ಇರಲಿಲ್ಲ. ಇದನ್ನು ಮುಚ್ಚಿಟ್ಟು ನಾನು ಯಂತ್ರವನ್ನು ಬೈಯುವುದಿಲ್ಲ. ನಾನು ಬೈಯುವುದು ಆ ಸ್ಕ್ಯಾನನ್ನೇ ಕಲ್ಲು ಒಡೆಯಲು ಸಿಕ್ಕ ಪರವಾನಗಿಯನ್ನಾಗಿ ಮಾಡಿಕೊಂಡದ್ದನ್ನು.

ಚಿತ್ರಗಳನ್ನು ಸಂಗ್ರಹಕ್ಕೆ ಕಳಿಸಿದೆ. ಅದರ ಉಸ್ತುವಾರಿಯವರು ಫೋನ್ ಮಾಡಿದರು. ಒಳ್ಳೆಯವರು, ಕೆಲಸ ಬಲ್ಲವರು. "ಮೇಡಂ, ಒರೆಸಿ ತೆಗೀಬಹುದಿತ್ತಲ್ಲ? ಹಾಲು ಮಿಂಚುತ್ತೆ, ಕಂಪ್ಯೂಟರ್‌ಗೆ ಸಿಗಲ್ಲ. ದನಗಳ ಮೇಲೆ ದೊಡ್ಡ ತೂತು ಬಂದಿದೆ."

"ಒರೆಸೋ ಹಾಗಿರಲಿಲ್ಲ."

"ಪರವಾಗಿಲ್ಲ ಬಿಡಿ, ತೂತನ್ನ ಹಳೇ ಚಿತ್ರದಿಂದ ತುಂಬಿಬಿಡ್ತೀನಿ. ಒಂದು ನಿಮಿಷದ ಕೆಲಸ. ಇಲ್ಲಾಂದ್ರೆ ಹಳೇದನ್ನೇ ಇಡೋಣ. ಒಡೆದದ್ದು ಜನರಿಗೆ ಯಾಕೆ?"

ಬೇಡ ಅಂದೆ. ತೂತು ತೂತಾಗಿಯೇ ಇರಲಿ. ಆ ಹೊತ್ತಿನಲ್ಲಿ ಅಲ್ಲಿ ಹಾಲಿತ್ತು. ಹಳೆಯ ಕಲ್ಲಿನ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಒಡೆದ ಕಲ್ಲು ಕಾಣಬೇಕು. ಅದು ಎಲ್ಲಿದೆ, ಯಾರು ಹಾಲು ಹೊಯ್ಯುತ್ತಾರೆ, ಯಾವ ಕೆಲಸಕ್ಕಾಗಿ ಒಡೆಯಿತು ಎಂದು ಕೆಳಗೆ ಬರೆಯಬೇಕು. ನಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದು ಕಲ್ಲಿಗೂ ನಾವು ನೋಡದೆ ಬಿಟ್ಟದ್ದೇನು ಎಂದು ಬರೆಯಲು ಜಾಗ ಬೇಕು. ಮುಂದಿನ ದಿಕ್ಕು ಯಾವುದೆಂದು ಕೇಳಿದರೆ ನನಗೆ ಗೊತ್ತಿರುವುದು ಇಷ್ಟು: ನೋಡಿಬಂದ ಕಲ್ಲುಗಳ ಬಳಿಗೆ ಮತ್ತೆ ಹೋಗುವುದು.

"ಅದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ ಮೇಡಂ" ಅಂದರು.

"ಮಾಡಿಕೊಳ್ಳಿ" ಅಂದೆ.

ಜಗಳೂರು ಕಡೆಯಲ್ಲಿ ಈಚೆಗೆ ತೆಗೆದ ಕಲ್ಲುಗಳ ಚಿತ್ರಗಳೆಲ್ಲ ನನ್ನ ಬಳಿಯೇ ಇವೆ. ಅವರಿಗೆ ಅವು ಬೇಕು, ತುರ್ತಾಗಿ ಬೇಕು. ಒಡೆದ ಹಾಲುಗಲ್ಲು ತೂತಿನ ಸಮೇತ ಎಲ್ಲರಿಗೂ ಕಾಣುವವರೆಗೆ ಒಂದನ್ನೂ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಇದು ಹಟ ಅಂದರು. ಹೌದು ಅಂದೆ. ನಿನ್ನೆ ಮತ್ತೆ ಫೋನ್ ಮಾಡಿದ್ದರು, ಸ್ವಲ್ಪ ಸೋತ ದನಿಯಲ್ಲಿ. ನಾನೂ ಅದೇ ಮಾತನ್ನು ಮತ್ತೆ ಹೇಳಿದೆ.