ಹಳಬರ ಬಳಗದಲ್ಲಿ ಅಪ್ಪನ ಕೊನೆಯ ಓಟ

ದೇವದುರ್ಗದ ದವಾಖಾನೆಯಲ್ಲಿ ನಾನು ನರ್ಸ್ ಆಗಿ ಸೇರಿ ಎರಡು ವರ್ಷವಾಗಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಅಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲ. ಆ ಶನಿವಾರ ಮನೆಗೆ ಬರುವಾಗ, ಪಕ್ಕದ ಮನೆಯ ಮುದುಕಿಗೆ ಬಿ.ಪಿ. ನೋಡಬೇಕೆಂದು ಮಷೀನು ತಂದಿದ್ದೆ. ಮುದುಕಿಯದು ಮುಗಿದ ಮೇಲೆ ತಮಾಷೆಗೆ ಅಪ್ಪನ ತೋಳಿಗೂ ಪಟ್ಟಿ ಸುತ್ತಿದೆ. ಪಾದರಸ ಇನ್ನೂರರ ಗೆರೆ ದಾಟಿ ನಿಂತಿತು. ಎರಡನೇ ಸಲ ನೋಡಿದೆ. ಮೂರನೇ ಸಲವೂ ಅಷ್ಟೇ.

ಮರುದಿನ ಬೆಳಿಗ್ಗೆ ಮ್ಯಾರಥಾನ್ ಇತ್ತು.

"ಯಪ್ಪಾ, ನಾಳಿ ಓಡಬ್ಯಾಡ," ಎಂದೆ.

"ತಲಿ ಕೆಟ್ಟದೇನು ನಿಂದು?"

"ಇಷ್ಟು ಬಿ.ಪಿ. ಇದ್ದವರು ಮೆಟ್ಟಲು ಸೈತ ಏರಬಾರದು ಅಂತಾರ ನಮ್ಮ ಡಾಕ್ಟರು."

"ದಿನಾ ಹತ್ತಿ ಅಂಡಿಗಿ ಹೊತ್ತು ಏಣಿ ಏರ್ತೀನಿ. ನಿನ್ನ ಮಷೀನ್ ಕೆಟ್ಟದ, ಹೋಗು."

ಪ್ರತಿವರ್ಷ ಚಳಿಗಾಲದ ಒಂದು ಭಾನುವಾರ ಆ ಓಟ ನಡೆಯುತ್ತಿತ್ತು. ನಸುಕಿನಲ್ಲೇ ಓಟಗಾರರನ್ನು ಲಾರಿಯಲ್ಲಿ ಮಾನ್ವಿಗೆ ಒಯ್ದು ಬಿಡುತ್ತಿದ್ದರು. ಅಲ್ಲಿಂದ ಓಡಿ ರಾಯಚೂರಿನ ಕೋಟೆ ಬಾಗಿಲು ಮುಟ್ಟಬೇಕು. ಒಂದು ವರ್ಷವೂ ತಪ್ಪದೆ ಹತ್ತು ಸಲ ಮುಟ್ಟಿದವರದ್ದೊಂದು ಬಳಗವಿತ್ತು, ಹಳಬರ ಬಳಗ ಎನ್ನುತ್ತಿದ್ದರು. ಎದೆಯ ಮೇಲಿನ ನಂಬರು ಅವರಿಗೆ ಕಾಯಂ. ಆದರೆ ಯಾವ ಕಾರಣಕ್ಕೇ ಆಗಲಿ ಒಂದು ವರ್ಷ ತಪ್ಪಿತೋ, ನಂಬರೂ ಹೋಯಿತು, ಬಳಗವೂ ಹೋಯಿತು. ಆಗ ಇದ್ದವರು ಏಳೇ ಮಂದಿ. ಅಪ್ಪ ಸೇರಿ ಒಂದು ವರ್ಷವಾಗಿತ್ತಷ್ಟೆ.

ಪ್ರತಿ ಭಾನುವಾರ ಬೆಳಿಗ್ಗೆ ಅವರೆಲ್ಲ ರಾಯಚೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂಡಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದರು. ಅವರಲ್ಲೊಬ್ಬರು ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರು, ಹಣೆ ತುಂಬ ವಿಭೂತಿ ಧರಿಸುವವರು. ಹಳ್ಳಿಗಳ ಚಾದಂಗಡಿಗಳಲ್ಲಿ ನಮ್ಮ ಕೇರಿಯವರ ಕಪ್ಪುಗಳನ್ನು ಇನ್ನೂ ಬೇರೆಯೇ ಇಡುತ್ತಿದ್ದ ಕಾಲವದು. ಈ ಹೋಟೆಲಿನಲ್ಲಿ ಮಾತ್ರ ಅಪ್ಪ ಒಂದೇ ಬೆಂಚಿನ ಮೇಲೆ ಸಾವ್ಕಾರರ ಭುಜಕ್ಕೆ ಭುಜ ತಾಗಿಸಿ ಕೂಡುತ್ತಿದ್ದ. ಒಬ್ಬರಿಗೊಬ್ಬರು ಲೇ ಎನ್ನುತ್ತಿದ್ದರು.

"ಆ ಬೆಂಚಿನ ಮ್ಯಾಲ ಕುಂದ್ರಾಕ ಹತ್ತು ವರ್ಷ ಓಡೀನಿ ಬೇ," ಎಂದ ಅಪ್ಪ. "ನಿನಗ ಓದು ಅದ, ನೌಕರಿ ಅದ. ನನಗ ಈ ಕಾಲು ಬಿಟ್ರ ಏನದ? ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅವನ ಕಾಲಿಗಿ ನಾ ಏನ್ ಹಗ್ಗ ಕಟ್ಲೇನು?" ಎಂದಳು.

ಸಂಜೆ ನಾನು ಬಾಯಿ ಬಿಟ್ಟೆ. ಬಳಗದ ಕೆಲಸ ನೋಡಿಕೊಳ್ಳುತ್ತಿದ್ದ ಮಾಸ್ತರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಓಟಗಾರರ ಪಟ್ಟಿ ತೆಗೆದು ಅಪ್ಪನ ಹೆಸರಿನ ಮೇಲೆ ಬೆರಳಿಟ್ಟರು.

"ಡಾಕ್ಟರ ಚೀಟಿ ಇಲ್ಲದ ನಾ ಹ್ಯಾಂಗ ನಿಲ್ಲಸ್ಲಿ? ನಿಮ್ಮಪ್ಪ ಜಗಳಕ್ಕೇ ಬರ್ತಾನ. ಒಂದು ಕೆಲಸ ಮಾಡು. ನೀರಿನ ಜೀಪು ಹಿಂದ ಬರ್ತದ. ಅದರಾಗ ನೀನೂ ಕುಂದ್ರು."

ಬೆಳಿಗ್ಗೆ ಮಾನ್ವಿಯಲ್ಲಿ ನನ್ನ ಬಿಳಿ ಸೀರೆಯನ್ನು ಜೀಪಿನಲ್ಲಿ ಕಂಡಾಗಲೇ ಅಪ್ಪನಿಗೆ ಎಲ್ಲ ತಿಳಿಯಿತು. ಒಮ್ಮೆ ನೋಡಿ ಮುಖ ತಿರುಗಿಸಿದ. ಆಮೇಲೆ ದಾರಿಯುದ್ದಕ್ಕೂ ನೋಡಲಿಲ್ಲ. ನಾನು ಮಾತ್ರ ಅವನ ಬೆನ್ನಿನಿಂದ ಕಣ್ಣು ಕೀಳಲಿಲ್ಲ. ನೀರು ಕೊಡಲು ಜೀಪು ನಿಂತಾಗಲೆಲ್ಲ ಅವನು ಡ್ರೈವರನ ಕೈಯಿಂದ ಇಸಿದುಕೊಂಡು ಕುಡಿದ, ನನ್ನ ಕೈಯಿಂದಲ್ಲ. ಅರ್ಧ ದಾರಿಯ ಕಲ್ಲೂರು ಬಂತು. ಅಪ್ಪ ಚೆನ್ನಾಗಿಯೇ ಓಡುತ್ತಿದ್ದ. ಮಷೀನು ನಿಜವಾಗಿಯೂ ಕೆಟ್ಟಿರಬಹುದೇ, ಸುಮ್ಮನೆ ಎಲ್ಲರೆದುರು ಅವನ ಮಾನ ಕಳೆದೆನೇ ಎಂದುಕೊಂಡೆ.

ಕಲ್ಲೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಸಪ್ಪಳ ಕೇಳಿತು. ಅಪ್ಪನ ಎಡಗಾಲಿನ ಕ್ಯಾನ್ವಾಸ್ ಬೂಟು ಡಾಂಬರಿಗೆ ಉಜ್ಜುತ್ತಿತ್ತು. ಹೆಜ್ಜೆಗೊಮ್ಮೆ ಸರ್, ಸರ್. ಎಡಗೈ ಬೀಸುತ್ತಿರಲಿಲ್ಲ, ಜೋತುಬಿದ್ದಿತ್ತು.

ಜೀಪು ನಿಲ್ಲುವ ಮೊದಲೇ ಇಳಿದು ಸೀರೆ ಎತ್ತಿ ಕಟ್ಟಿ ಅವನ ಪಕ್ಕ ಓಡಿದೆ.

"ಯಪ್ಪಾ, ನಿಂದ್ರು! ನಿನ್ನ ಕೈ ನೋಡ್ಕೋ!"

"ಹೋಗ ಬೇ" ಎಂದನೇನೋ. ಮಾತು ಬಾಯಲ್ಲಿ ಅನ್ನ ಇಟ್ಟುಕೊಂಡವರ ಹಾಗೆ ತೊದಲಿ ಬಂತು. ತೋಳು ಹಿಡಿದರೆ ಬಲಗೈಯಿಂದ ನನ್ನನ್ನು ದೂಡಿದ. ಹಮಾಲನ ಕೈ. ನಾನು ರಸ್ತೆ ಬದಿಗೆ ಬಿದ್ದೆ.

ಮುಂದೆ ಓಡುತ್ತಿದ್ದ ಸಾವ್ಕಾರರು ಗದ್ದಲ ಕೇಳಿ ಹಿಂದಿರುಗಿ ಬಂದರು. ಏದುಸಿರು ಬಿಡುತ್ತ, "ಏನಾತು?" ಎಂದರು.

"ಲಕ್ವಾ ಹೊಡಿಯಾಕತ್ತದ ರೀ. ಇನ್ನೂ ಓಡಿದ್ರ ಉಳಿಯಂಗಿಲ್ಲ. ನನ್ನ ಮಾತು ಕೇಳವಲ್ಲ. ನೀವು ನಿಂತ್ರ ನಿಲ್ತಾನ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ರಾಯಚೂರಿನ ದಿಕ್ಕಿಗೆ ನೋಡಿದರು. "ನಂದು ಇದು ಹನ್ನೆರಡನೇದು, ಯವ್ವಾ," ಎಂದರು ಮೆಲ್ಲಗೆ. ಅಷ್ಟರಲ್ಲಿ ಅಪ್ಪ ಕಾಲೆಳೆಯುತ್ತ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗಿದ್ದ. ಆ ಒಂದು ನಿಮಿಷ ಸಾವ್ಕಾರರು ಏನು ಮಾಡುತ್ತಾರೋ ನನಗೆ ತಿಳಿಯಲಿಲ್ಲ. ಅವರ ಕಾಲು ಹಿಡಿಯಲೂ ನಾನು ತಯಾರಿದ್ದೆ.

ಅವರು ಅಲ್ಲೇ ಇದ್ದ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕುಸಿದವರಂತೆ ಕೂತು ಕೂಗಿದರು. "ಲೇ! ನನ್ನ ಕಾಲು ಹಿಡ್ಕೊಂಡಾವಲೇ. ಏಳಾಕ ಆಗವಲ್ದು. ನನ್ನ ಇಲ್ಲೇ ಬಿಟ್ಟು ಹೋಗ್ತೀಯೇನು?"

ಅಪ್ಪ ನಿಂತ. ತಿರುಗಿ ನೋಡಿದ. ಓರೆಯಾದ ಬಾಯಿಯಲ್ಲಿ ಏನೋ ಬೈಯುತ್ತ ವಾಪಸು ಬಂದು ಗೆಳೆಯನ ಕಾಲು ತಿಕ್ಕಲು ಬಗ್ಗಿದ. ಬಗ್ಗಿದವನು ಮತ್ತೆ ಏಳಲಿಲ್ಲ. ನಾನು, ಸಾವ್ಕಾರರು, ಡ್ರೈವರು ಮೂವರೂ ಸೇರಿ ಅವನನ್ನು ಎತ್ತಿ ಜೀಪಿಗೆ ಹಾಕಿದೆವು. ಸಾವ್ಕಾರರೂ ಓಟ ಬಿಟ್ಟು ಜೀಪು ಹತ್ತಿದರು. ರಾಯಚೂರು ಮುಟ್ಟುವವರೆಗೆ ಅವನ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಅಪ್ಪ ಉಳಿದ. ಮಾತು ನಿಧಾನಕ್ಕೆ ಮರಳಿತು, ಎಡಗೈ ಮರಳಲಿಲ್ಲ. ಅಂಡಿಗೆ ಹೊರುವುದು ಅಲ್ಲಿಗೆ ಮುಗಿಯಿತು. ಬಳಗದ ನಿಯಮ ಸಡಿಲಿಸಬೇಕೆಂದು ಮಾಸ್ತರರು ವಾದಿಸಿದರಂತೆ, ಉಳಿದವರು ಒಪ್ಪಲಿಲ್ಲ. ಇಬ್ಬರ ನಂಬರೂ ಹೋದವು. ಸಾವ್ಕಾರರು ಮರುವರ್ಷ ಹೊಸಬರ ಸಾಲಿನಲ್ಲಿ ನಿಂತು ಮೊದಲಿನಿಂದ ಎಣಿಸತೊಡಗಿದರು. ಅದಕ್ಕೂ ಮೊದಲು ಅಪ್ಪನಿಗೆ ತಮ್ಮ ಗಿರಣಿಯಲ್ಲಿ ಗೇಟು ಕಾಯುವ ಕೆಲಸ ಕೊಟ್ಟರು. ಅವ್ವ, ಅಪ್ಪ ಮಾನ್ವಿಗೆ ಹೋದರು.

ನಾಲ್ಕು ತಿಂಗಳು ಅಪ್ಪ ನನ್ನೊಡನೆ ಮಾತಾಡಲಿಲ್ಲ. ಮಾತ್ರೆ ಕೊಟ್ಟರೆ ಸುಮ್ಮನೆ ನುಂಗುತ್ತಿದ್ದ. ಆ ನಾಲ್ಕು ತಿಂಗಳ ಕೊನೆಗೆ ಒಮ್ಮೆ ಗಿರಣಿಗೇ ಹೋದೆ. ಅಪ್ಪ ಸ್ಟೂಲಿನ ಮೇಲೆ ಕೂತಿದ್ದ. ಅಷ್ಟರಲ್ಲಿ ಸಾವ್ಕಾರರು ಒಳಗಿನಿಂದ ಬಂದರು. ಅಪ್ಪ ಗೋಡೆ ಹಿಡಿದು ಕಷ್ಟಪಟ್ಟು ಎದ್ದು ನಿಂತ.

"ಕುಂದ್ರೋ ಮಾರಾಯಾ," ಎಂದರು ಅವರು.

"ಇರಲಿ ರೀ ಸಾವ್ಕಾರ್ರ," ಎಂದ ಅಪ್ಪ.

ಅವರು ಮುಖ ತಗ್ಗಿಸಿ ಹೊರಟುಹೋದರು. ಲೇ ಎನ್ನುತ್ತಿದ್ದ ಬಾಯಿಂದ ಆ ಮಾತು ಬಂದಿತ್ತು. ಅವನನ್ನು ಉಳಿಸಿದ್ದು ನಾನೇ, ಇಲ್ಲಿಗೆ ತಂದು ನಿಲ್ಲಿಸಿದ್ದೂ ನಾನೇ.

ಸಂಜೆ ದೇವದುರ್ಗದ ಬಸ್ಸಿಗೆ ಹೊರಟಾಗ ಅಪ್ಪ ಕರೆಯದೆಯೇ ಜೊತೆಗೆ ಬಂದ. ಎರಡು ಕಡೆ ನಿಂತು ಸುಧಾರಿಸಿಕೊಂಡ. ಬಸ್ಸು ಬಂದು ನಾನು ಕಿಟಕಿ ಪಕ್ಕ ಕೂತಾಗ ಕೆಳಗಿನಿಂದಲೇ ಬಾಯಿ ತೆರೆದ.

"ನೀ ಮಾಡಿದ್ದು ಚಲೋ ಆತು ಅಂತಾರ ಎಲ್ರೂ."

ನಾನು ಕಿಟಕಿಯ ಸರಳು ಹಿಡಿದು ಬಗ್ಗಿದೆ.

"ಇರಬೋದು," ಎಂದು ಗಿರಣಿಯ ಕಡೆ ತಿರುಗಿ ನಡೆದ.