ಬಿಸಿಲಿಗಿಟ್ಟ ಹಲಗೆ

ಢಬ್!

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ಅಂಗಳದಲ್ಲಿ ಕೋವಿ ಹಾರಿದ ಹಾಗೆ ಶಬ್ದವಾಯಿತು. ಬಾಣಂತಿ ಕೋಣೆಯಲ್ಲಿದ್ದ ನನ್ನ ಅತ್ತೆ, "ಅಯ್ಯೋ ದೇವರೇ, ಹಂದಿ ಬೇಟೆಯವರು ಅಂಗಳಕ್ಕೇ ಬಂದರಾ?" ಎಂದು ಕೂಗಿದರು. ಐದು ದಿನದ ಕೂಸು ಬೆಚ್ಚಿ ಅಳತೊಡಗಿತು. ನಾನು ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದೆ.

ಬೇಟೆಯವರೂ ಇಲ್ಲ, ಕೋವಿಯೂ ಇಲ್ಲ. ನಾನೇ ಗೋಡೆಗೆ ಒರಗಿಸಿ ಬಿಸಿಲಿಗಿಟ್ಟಿದ್ದ ಹಲಸಿನ ಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿ ನಿಂತಿತ್ತು. ಪಕ್ಕದ್ದೂ ಬಿರಿದಿತ್ತು. ಅದರ ಪಕ್ಕದ್ದು? (ಕೇಳಬೇಡಿ.)

ವಾರ ವಾರ ಪತ್ರಿಕೆಯ ಈ ಮೂಲೆಯಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವವನು ನಾನು. ಕಾರಡ್ಕದ ಬೋರ್ಡು ಶಾಲೆಯಲ್ಲಿ ಐದನೆಯ ಕ್ಲಾಸಿಗೆ ವಿಜ್ಞಾನ ಕಲಿಸುವವನು ಬೇರೆ. ಒದ್ದೆ ವಸ್ತುವನ್ನು ಬಿಸಿಲಿಗಿಟ್ಟರೆ ಒಣಗುತ್ತದೆ ಎಂದು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಬರೆದದ್ದನ್ನು ಒಮ್ಮೆ ಮಾಡಿಯೂ ನೋಡೋಣ ಎಂದುಕೊಂಡದ್ದೇ ತಪ್ಪಾಯಿತು.

ಆ ಹಲಗೆಗಳು ತೊಟ್ಟಿಲಿಗೆ ಬೇಕಾದವು. ನಮ್ಮಲ್ಲಿ ಕೂಸು ಹುಟ್ಟುವ ಮೊದಲು ತೊಟ್ಟಿಲು ಮಾಡಿಸುವ ಕ್ರಮವಿಲ್ಲ. ಮೂರು ವರ್ಷದ ಹಿಂದೆ ನಾನು ಕ್ರಮ ಮುರಿದಿದ್ದೆ. "ಇದೆಲ್ಲ ಅಜ್ಜಿಕಥೆ" ಎಂದು ಮನೆಯವರಿಗೆ ಭಾಷಣ ಬಿಗಿದು, ಕಾಸರಗೋಡಿನಿಂದ ರೆಡಿಮೇಡ್ ತೊಟ್ಟಿಲನ್ನೇ ಬಸ್ಸಿನ ಮೇಲೆ ಹೇರಿಸಿಕೊಂಡು ಬಂದೆ. ಆ ಮಗು ಉಳಿಯಲಿಲ್ಲ. ತೊಟ್ಟಿಲಿಗೂ ಅದಕ್ಕೂ ಸಂಬಂಧವಿಲ್ಲ, ನನಗೆ ಗೊತ್ತು. ಆದರೆ ಆ ಖಾಲಿ ತೊಟ್ಟಿಲನ್ನು ತಿಂಗಳುಗಟ್ಟಲೆ ನೋಡುತ್ತ ಕೂತದ್ದು ನನ್ನ ಹೆಂಡತಿ ಲಲಿತೆ. (ನನಗೇನು, ಶಾಲೆ ಇತ್ತು.)

ಈ ಸಲ ಅವಳು ಒಂದೇ ಮಾತು ಹೇಳಿದಳು. "ಕೂಸಿನ ಕೂಗು ಕೇಳುವವರೆಗೆ ಈ ಮನೆಯಲ್ಲಿ ಯಾರೂ ತೊಟ್ಟಿಲಿನ ಹೆಸರು ಎತ್ತಬಾರದು. ಕೇಳಿದ ಮೇಲೆ ಹದಿನಾರನೇ ದಿನಕ್ಕೆ ತೊಲೆಯಲ್ಲಿ ಹೊಸ ತೊಟ್ಟಿಲು ತೂಗಬೇಕು. ಎರವಲು ತರಬೇಡಿ."

ಎರಡೂ ಷರತ್ತು ಕೂಡಿದರೆ ಮರಗೆಲಸದ ಆಚಾರಿಯ ಗತಿ ಏನು, ಹದಿನಾರು ದಿನದಲ್ಲಿ ಹಸಿಮರ ಒಣಗುತ್ತದಾ? ನಮ್ಮೂರಿನ ಐತಪ್ಪ ಆಚಾರ್ರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ನವರಾತ್ರಿ ಕಳೆದ ಮೇಲೆ ನಾನು "ಸುಮ್ಮನೆ" ಒಂದು ಹಲಸಿನ ಮರ ಕೊಯ್ಸಿದೆ. ಅವರು "ಸುಮ್ಮನೆ" ಬಂದು ನೋಡಿ, ಹಲಗೆಗಳನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿಸಿದರು. ಎಂತಕ್ಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಧನು ತಿಂಗಳ ಚಳಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಎಂಥಾ ಗಂಟಲು ಅಂತೀರಿ! ಮರುದಿನ ಬೆಳಿಗ್ಗೆಯೇ ನಾನು ಆಚಾರ್ರ ಚಪ್ಪರದಲ್ಲಿ ಹಾಜರು. ಗುಡ್ಡದ ಬುಡದಲ್ಲಿ ಅವರ ಮನೆ, ಮನೆಯ ಮುಂದೆ ಅವರು ಕೆಲಸ ಮಾಡುವ ತೆಂಗಿನ ಮಡಲಿನ ಚಪ್ಪರ. ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮರ ಕೀಸಿದ ಸುರುಳಿಗಳಿಗೆ ಬೆಂಕಿ ಹಾಕಿ ಆಚಾರ್ರೂ, ಪಕ್ಕದ ಚಾದಂಗಡಿಯ ಅದ್ರಾಮ ಬ್ಯಾರಿಯೂ ಕೈ ಕಾಯಿಸುತ್ತಿದ್ದರು. ಬೆಂಕಿಯಿಂದ ಹಲಸಿನ ಪರಿಮಳ ಬರುತ್ತಿತ್ತು.

"ಅರ್ಜೆಂಟ್ ಆಚಾರ್ರೇ! ಹದಿನೈದೇ ದಿನ ಉಂಟು," ಎಂದೆ.

"ಅರ್ಜೆಂಟ್ ನಿಮಗೆ. ಮರಕ್ಕೆ ಎಂತ ಅರ್ಜೆಂಟ್?" ಎಂದು ಅವರು ಉಳಿ ಮಸೆಯತೊಡಗಿದರು. ಇಬ್ಬನಿ ಆರುವವರೆಗೆ ಅವರು ಹದ ಮಾಡುವುದೆಲ್ಲ ಉಳಿಯನ್ನೇ. ಮರಕ್ಕೆ ಕೈ ಹಾಕುವುದು ಹತ್ತು ಗಂಟೆಯ ಮೇಲೆ.

ಆಮೇಲೆ ಮನೆಗೆ ಬಂದರು. ಅಟ್ಟ ಹತ್ತಿ, ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ಕಿವಿಗೊಟ್ಟರು. "ಮೇಲೆ ಒಣಗಿದೆ, ಒಳಗೆ ಇನ್ನೂ ಹಸಿ ಉಂಟು. ಐದಾರು ದಿನ ಇಲ್ಲೇ ಹೊಗೆ ಕುಡಿಯಲಿ. ಆಮೇಲೆ ಆದಷ್ಟು ಹೊಂದಿಸುವ. ನೀವು ಮಾತ್ರ ಮುಟ್ಟಬೇಡಿ ಮಾಸ್ಟ್ರೇ."

ನಾನು ಮುಟ್ಟಿದೆ. ಐದಾರು ದಿನ ಕಾಯುವುದೆಂದರೇನು? ಈಗ ಕಾಸರಗೋಡಿಗೆ ಬಸ್ಸುಂಟು, ಮದ್ರಾಸಿಗೆ ತಂತಿಯುಂಟು. ನಾವೆಲ್ಲ ಬೇಗದ ಕಾಲದವರು! ಹಲಗೆಗಳನ್ನು ಇಳಿಸಿ ಅಂಗಳಕ್ಕೆ ತಂದೆ. ಹಗಲು ಸುಡುವ ಬಿಸಿಲು, ಒಣ ಮೂಡುಗಾಳಿ. ರಾತ್ರಿ ಇಬ್ಬನಿ. ಫಲ ಏನಾಯಿತೆಂದು ನೀವು ಮೊದಲೇ ಕೇಳಿದ್ದೀರಿ. ಢಬ್!

ಲಲಿತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಸಲವೂ ನಿಮ್ಮ ವಿಜ್ಞಾನವಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಸೀಳಿದ ಹಲಗೆಯೊಂದನ್ನು ಹೊತ್ತುಕೊಂಡೇ ಚಪ್ಪರಕ್ಕೆ ಹೋದೆ. ಆಚಾರ್ರು ಬಿರುಕಿನೊಳಗೆ ಬೆರಳು ಹಾಕಿ ಇತ್ತಿಂದತ್ತ ಎಳೆದರು. ನನ್ನ ಮುಖ ನೋಡಿದರು.

"ಮಾಸ್ಟ್ರೇ, ಶಾಲೆಯಲ್ಲಿ ಮಕ್ಕಳನ್ನೂ ಹೀಗೇ ಬೇಗ ಬೇಗ ಒಣಗಿಸುತ್ತೀರಾ?"

ಅದ್ರಾಮ ಬ್ಯಾರಿ ಗ್ಲಾಸು ಕೆಳಗಿಟ್ಟು ನಕ್ಕ. ನಾನು ನಗಲಿಲ್ಲ. ಲಲಿತೆ ಹೇಳಿದ್ದನ್ನು ಹೇಳಿದೆ. ಮೊದಲಿನ ಮಗುವಿನ ವಿಷಯವನ್ನೂ ಹೇಳಿದೆ. ಅದ್ರಾಮ ಮೆಲ್ಲನೆ ಎದ್ದು ನನಗೊಂದು ಚಾ ತಂದಿಟ್ಟ. ಆಚಾರ್ರು ಒಮ್ಮೆ ತಮ್ಮ ಮನೆಯ ಕಡೆ ತಿರುಗಿ ನೋಡಿದರು.

"ಹಲಗೆ ಉಂಟು," ಎಂದರು. "ಹೋಗಿ ಬಾಣಂತಿಗೆ ಹೇಳಿ, ಹದಿನಾರಕ್ಕೆ ತೂಗುತ್ತದೆ ಅಂತ."

ಅಲ್ಲಿಂದ ಹತ್ತು ದಿನ, ಶಾಲೆ ಬಿಟ್ಟವನೇ ನಾನು ನೇರ ಚಪ್ಪರಕ್ಕೆ. ದಪ್ಪ, ಅಗಲದ, ಜೇನುಬಣ್ಣದ ಹಲಗೆಗಳು. ಅವರು ಗೆಣ್ಣಿನಿಂದ ತಟ್ಟಿ ತೋರಿಸಿದಾಗ ಗಂಟೆಯ ಹಾಗೆ ಠಣ್ ಎಂದವು. ಅವನ್ನು ಸೀಳಿ, ಕೀಸಿ, ಕಾಲು ಮಾಡಿ, ಪಟ್ಟಿ ಮಾಡಿ ಜೋಡಿಸಿದರು. ಇಡೀ ತೊಟ್ಟಿಲಿಗೆ ಒಂದೂ ಕಬ್ಬಿಣದ ಮೊಳೆ ಹೊಡೆಯಲಿಲ್ಲ, ಎಲ್ಲ ಬಿದಿರಿನ ಮೊಳೆ. ಕಾಗದದ ಮೇಲೆ ಪ್ಲಾನ್ ಇಲ್ಲ, ಬರೆದ ಲೆಕ್ಕ ಇಲ್ಲ. ಜೋಡಿಸಿದ ಕಡೆ ನನ್ನ ಉಗುರು ತೂರಲು ಜಾಗ ಸಿಗಲಿಲ್ಲ. (ಪ್ರಯತ್ನಿಸಿ ನೋಡಿದ್ದೇನೆ.)

ನಾನು ಬೆರಗಾದದ್ದು ಅದಕ್ಕಲ್ಲ. ಕೊನೆಯ ದಿನ ಆಚಾರ್ರು ತೊಟ್ಟಿಲಿನೊಳಗೆ ತಲೆ ತೂರಿಸಿ, ಒಂದೊಂದು ಪಟ್ಟಿಗೂ ತಮ್ಮ ಕೆನ್ನೆ ಸವರುತ್ತಿದ್ದರು.

"ಎಂತ ಮಾಡ್ತೀರಿ ಆಚಾರ್ರೇ?"

"ಕೈ ಕಲ್ಲಾಗಿದೆ, ಮಾಸ್ಟ್ರೇ. ಅದಕ್ಕೆ ಎಲ್ಲವೂ ನಯವೇ. ಕೂಸಿಗೆ ತಾಗುವುದು ಕೆನ್ನೆಗೆ ಗೊತ್ತಾಗುತ್ತದೆ."

ಒಂದು ಕಡೆ ನಿಂತರು, ಉಳಿಯ ತುದಿಯಿಂದ ಕಾಣದ ಸಿಬಿರೊಂದನ್ನು ತೆಗೆದರು. ಮತ್ತೆ ಕೆನ್ನೆ ಇಟ್ಟರು. ಹೀಗೆ ಕೆಲಸ ಮಾಡುವ ಇನ್ನೊಬ್ಬರನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ನನ್ನ ಪಾಠವನ್ನು ಮಕ್ಕಳಿಗೆ ಹೇಳುವ ಮೊದಲು ಒಮ್ಮೆಯಾದರೂ ಹೀಗೆ ಸವರಿ ನೋಡಿದ್ದೇನೆಯೇ?

ಮರುದಿನದ ಸಮಾರಂಭಕ್ಕೆ ಅವರ ಮನೆಯವರನ್ನೂ ಕರೆಯಬೇಕಲ್ಲ? ಚಪ್ಪರದ ಹಿಂದಿನ ಮನೆಗೆ ಹೋದೆ. ಬಾಗಿಲ ಚೌಕಟ್ಟು, ನಮ್ಮ ಮಾತಿನಲ್ಲಿ ದಾರಂದ, ಹೊಸದು, ಮೇಲೆ ತಾವರೆ ಕೆತ್ತಿದ್ದಾರೆ, ನೋಡುತ್ತ ನಿಲ್ಲಬೇಕು. ಆದರೆ ದಾರಂದಕ್ಕೆ ಬಾಗಿಲೇ ಇಲ್ಲ! ಹೆಣೆದ ಮಡಲಿನ ತಟ್ಟಿಯೊಂದು ತೂಗುತ್ತಿತ್ತು. ಚಳಿಗಾಳಿಗೆ ಅದು ಒಳಗೂ ಹೊರಗೂ ಬಡಿದುಕೊಳ್ಳುತ್ತಿತ್ತು.

"ಇದೆಂತ ಅಕ್ಕಾ, ಊರಿಗೆಲ್ಲ ಬಾಗಿಲು ಮಾಡುವವರ ಮನೆಗೇ ಬಾಗಿಲಿಲ್ಲವಾ?" ಎಂದು ತಮಾಷೆ ಮಾಡಿದೆ.

ಆಚಾರ್ರ ಹೆಂಡತಿ ನಕ್ಕರು. "ಬಾಗಿಲು ನಿಮ್ಮಲ್ಲಿಗೇ ಹೊರಟಿದೆಯಲ್ಲ ಮಾಸ್ಟ್ರೇ! ಮೂರು ಮಳೆಗಾಲದಿಂದ ಒಣಗಿಸಿ ಇಟ್ಟ ಹಲಗೆ. ಈ ಚಳಿಗೆ ಹಾಕುವ ಅಂತ ಇದ್ದರು."

ಚಪ್ಪರಕ್ಕೆ ವಾಪಸು ಬಂದು ಆಚಾರ್ರ ಮುಂದೆ ನಿಂತೆ. "ಒಂದು ಮಾತು ಹೇಳಬಾರದಿತ್ತಾ?"

"ಬಾಗಿಲು ಇನ್ನೊಂದು ಮಾಡಬಹುದು," ಎಂದರು ತಲೆ ಎತ್ತದೆ. "ಹದಿನಾರನೇ ದಿನ ಇನ್ನೊಂದು ಬರುತ್ತದಾ?"

ಮರುದಿನ ತೊಟ್ಟಿಲು ತೊಲೆಯಲ್ಲಿ ತೂಗಿತು. ಮಲಗಿಸುವ ಮೊದಲು ಲಲಿತೆ ಬಾಗಿ, ಒಳಗಿನ ಪಟ್ಟಿಗೆ ತನ್ನ ಕೆನ್ನೆ ಇಟ್ಟು ನೋಡಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಆಚಾರ್ರು ತಟ್ಟನೆ ಅತ್ತ ತಿರುಗಿ, ಚಾವಣಿಯ ಮರವನ್ನು ಪರೀಕ್ಷಿಸತೊಡಗಿದರು.

ಅವರ ಬಾಗಿಲಿಗೆ ಮರದ ಡಿಪೋದಿಂದ ಒಣಗಿದ ಹಲಗೆ ತರಿಸಿಕೊಡುತ್ತೇನೆ ಎಂದೆ, ಆಚಾರ್ರು ಒಪ್ಪಲಿಲ್ಲ. "ನಾನು ನೋಡಿ ಕೊಯ್ಸದ ಮರ ನನ್ನ ದಾರಂದಕ್ಕಾ? ಬೇಡ." ಕೊನೆಗೆ ಅವರೇ ಆರಿಸಿದ ಮರವನ್ನು ಕೊಯ್ಸಿ, ಹಲಗೆಗಳನ್ನು ನಮ್ಮ ಅಟ್ಟಕ್ಕೆ ಹಾಕಿಸಿದ್ದೇನೆ. ಹದವಾಗಲು ಮೂರು ಮಳೆಗಾಲ ಬೇಕಂತೆ. ನಾನು ಆ ಕಡೆ ತಲೆ ಹಾಕಿಯೂ ಮಲಗುತ್ತಿಲ್ಲ.

ಇದನ್ನು ಬರೆಯುತ್ತಿರುವಾಗ ಒಳಗಿಂದ ಅತ್ತೆ ಕೂಗುತ್ತಿದ್ದಾರೆ: "ಬಾಗಿಲು ಹಾಕಿ, ಕೂಸಿಗೆ ಚಳಿ!" ನಾನು ಎದ್ದು ಹಾಕುತ್ತೇನೆ. ಅಲ್ಲಿ, ಗುಡ್ಡದ ಬುಡದಲ್ಲಿ, ಐತಪ್ಪ ಆಚಾರ್ರು ಏನು ಹಾಕುತ್ತಾರೆ?